ಎರಡು ಸೆಂಟಿನ ವಾಷರ್

ಮೊವರನ್ನು ಆಮೆಯ ಹಾಗೆ ಅಂಗಾತ ಕೆಡವಿದೆ.
ಹೊಟ್ಟೆಯೊಳಗೆ ಮೂರು ಬೇಸಿಗೆಯ ಹುಲ್ಲು
ಹಸಿರು ಹೋಗಿ ಕಪ್ಪಾಗಿ, ಕಪ್ಪು ಹೋಗಿ ಕಬ್ಬಿಣವೇ ಆಗಿ
ಕೆರೆದರೆ ಪದರ ಪದರ ಏಳುತ್ತದೆ;
ಯಾವುದು ಹುಲ್ಲು ಯಾವುದು ಡೆಕ್ಕು
ಬೆರಳಿಗೆ ಗೊತ್ತಾಗುವುದಿಲ್ಲ.

ಇದು ಬ್ಲಫ್. ಇಲ್ಲಿಂದ ದಕ್ಷಿಣಕ್ಕೆ ಒಂದು ದ್ವೀಪ,
ಆಮೇಲೆ ಬರೀ ಗಾಳಿ.
ಸಿಂಪಿಯ ದೋಣಿಗಳಲ್ಲಿ ಬೆನ್ನು ಹೋದ ಮೇಲೆ
ಗುಡ್ಡದ ಸ್ಮಶಾನದಲ್ಲಿ ಹುಲ್ಲು ಕತ್ತರಿಸುವುದು ನನ್ನ ಕೆಲಸ.
ಸಮುದ್ರವನ್ನು ಕೆಳಗೆ ಬಿಟ್ಟುಬಂದೆ ಅಂದುಕೊಂಡಿದ್ದೆ.
ಅದು ಹತ್ತಿ ಬರುತ್ತದೆ,
ಬೇಲಿಯ ಮೊಳೆಗೆ, ಗೇಟಿನ ತಿರುಗಣಿಗೆ, ನನ್ನ ಮೀಸೆಗೆ.
ಉಪ್ಪು ತಿಂದ ಕಬ್ಬಿಣ
ನೀರು ಕುಡಿದೇ ಕುಡಿಯುತ್ತದೆ.

ನಾಲ್ಕನೆಯ ಬೋಲ್ಟು ಜಪ್ಪಯ್ಯ ಅನ್ನಲಿಲ್ಲ.
ಎಣ್ಣೆ ಬಿಟ್ಟೆ. ಚಹಾ ಕುಡಿದು ಬಂದೆ. ಬೈದೆ.
ಕೊನೆಗೆ ಗರಗಸ ಹಿಡಿದು ತಲೆ ಹಾರಿಸಿದರೆ
ಅಡಿಯಲ್ಲಿ ವಾಷರ್ ಇಲ್ಲ, ನಾಣ್ಯ:
ರಾಣಿಯ ಕೆನ್ನೆಗೆ ತೂತು ಕೊರೆದ
ಹಳೆಯ ಎರಡು ಸೆಂಟು.

ಮರ್ಡಕ್ ಗಿಲ್ಲೀಸನದೇ ಕೆಲಸ, ಅನುಮಾನವಿಲ್ಲ.
ನನಗಿಂತ ಮೊದಲು ಈ ಗುಡ್ಡ ಬೋಳಿಸುತ್ತಿದ್ದವನು,
ದಾರದ ತುಂಡನ್ನೂ ಸುತ್ತಿಡುತ್ತಿದ್ದವನು.
ಅಂಗಡಿಯಲ್ಲಿ ನಡೆಯದ ನಾಣ್ಯ
ಇಲ್ಲಾದರೂ ನಡೆಯಲಿ ಅಂದಿರಬೇಕು.
ನಡೆದಿದೆ. ಉಜ್ಜಿದರೆ
ಹಿಂಬದಿಯ ಕೊವೈ ಹೂವು ಈಗಲೂ ಹೊಳೆಯುತ್ತದೆ.
ಸುತ್ತ ಅಂಗೈಯಗಲ ಡೆಕ್ಕು
ನೆನೆದ ಹಪ್ಪಳ.

ರಂಗಿಮಾರಿ ನಾಣ್ಯವನ್ನು ಬೆಳಕಿಗೆ ಹಿಡಿದಳು.
"ಒದ್ದೆಯಲ್ಲಿ ಎರಡು ಲೋಹ ಕೂಡಿ ಬಾಳಿದರೆ
ಒಂದು ಇನ್ನೊಂದನ್ನು ತಿಂದು ಉಳಿಯುತ್ತದೆ" ಎಂದಳು
ಮೂರನೆಯ ಗಂಡ ಬಿಟ್ಟುಹೋದ
ಹಾರ್ಡ್‌ವೇರ್ ಅಂಗಡಿಯ ಗಲ್ಲಾದಲ್ಲಿ ಕೂತು.

ಹಾಗಾದರೆ ಸ್ಟೇನ್‌ಲೆಸ್ ಕೊಡು, ಎಂದೆ.
"ಕೊಡುತ್ತೇನೆ, ದುಡ್ಡು ನಿನ್ನದು.
ಅದು ನಿನಗಿಂತಲೂ ಬಾಳುತ್ತದೆ, ಡೆಕ್ಕಿಗಿಂತಲೂ.
ಬಣ್ಣ ಕಿತ್ತ ಕಡೆ ಅದೂ ಈ ನಾಣ್ಯದ ತಂಗಿಯೇ.
ಗ್ರೀಸಿಲ್ಲದೆ ಬಿಗಿದೆಯೋ, ನಟ್ಟು ಕಚ್ಚಿಕೊಂಡು
ಮತ್ತೆ ನಿನಗೆ ಗರಗಸವೇ ಗತಿ."
ಆ ಹಳದಿ ಮಿನುಗಿನದು?
"ಅದರ ಕಲಾಯಿ ಈಸ್ಟರ್ ಕಾಣುವುದಿಲ್ಲ."

ಕೆಳಗಿನ ಡ್ರಾಯರು ಎಳೆದಳು.
ಕರಗಿದ ಸತುವಿನಲ್ಲಿ ಮುಳುಗಿ ಎದ್ದವು:
ಬೂದಿ ಬಣ್ಣ, ಒರಟು, ಅಲ್ಲಲ್ಲಿ ಗಂಟು,
ಹೆಣ್ಣು ನೋಡಲು ಬಂದವರಿಗೆ ತೋರಿಸುವಂಥವಲ್ಲ.
"ಸತು ತಾನು ಮೊದಲು ಸವೆಯುತ್ತದೆ.
ನಟ್ಟೂ ಇದರ ಜೊತೆಯದೇ ಒಯ್ಯಿ, ಬೇರೆಯದು ಹತ್ತುವುದಿಲ್ಲ.
ಅಲಗಿನ ಬೋಲ್ಟಿಗೆ ಮಾತ್ರ ಇದನ್ನು ಹಾಕಬೇಡ,
ಕಂಪನಿಯದೇ ತರಿಸು. ಅಲ್ಲಿ ತುಕ್ಕಿನ ಮಾತಲ್ಲ,
ನಿನ್ನ ಕಾಲಿನ ಮಾತು."
ಹನ್ನೊಂದು ಡಾಲರು ನಲವತ್ತು.
ಮರ್ಡಕ್ ಇದ್ದಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದ.

ಜಾಳಾದಷ್ಟು ಕತ್ತರಿಸಿ ಹೊಸ ತಗಡು ಬೆಸೆದೆ.
ತೂತಿನ ಒಳತುಟಿಗೂ ಬಣ್ಣ, ಎರಡು ಕೈ;
ಎರಡನೆಯದು ಒಣಗುವವರೆಗೆ
ಕೈ ಕಟ್ಟಿ ಕೂತೆ. ಅದೇ ಕಷ್ಟದ್ದು.
ಬಿಗಿದೆ. ಸಾಲದು ಎಂದು ಕಾಲು ಸುತ್ತು.
ಆಮೇಲೆ ಲೆಕ್ಕ ಹಾಕಿದೆ:
ಅವನ ತಪ್ಪು ಇಪ್ಪತ್ತೆಂಟು ಬೇಸಿಗೆ ಹಿಡಿದು ನಿಂತಿತ್ತು.

ಸಂಜೆ ತಳ್ಳಿಕೊಂಡು ಮೂರನೆಯ ಸಾಲಿಗೆ ಹೋದೆ.
ಅವನ ಕಲ್ಲಿನ ಬುಡದಲ್ಲಿ ಹುಲ್ಲು ಮೊಣಕಾಲೆತ್ತರ,
ತುದಿಗಳಲ್ಲಿ ನೀರು.
ನಾಣ್ಯ ಜೇಬಿನಲ್ಲಿತ್ತು. ತೆಗೆದೆ, ನೋಡಿದೆ,
ಬೇಕಾದೀತು ಎಂದು ಮತ್ತೆ ಒಳಗಿಟ್ಟೆ.
ಒದ್ದೆ ಹುಲ್ಲಿಗೆ ಮೊವರು ಹಚ್ಚಬೇಡ ಎಂದು
ಗದರುತ್ತಿದ್ದವನು ಅವನೇ.
ನಾಳೆ ಬರುತ್ತೇನೆ ಮಾರಾಯ,
ಬಿಸಿಲು ಬಿದ್ದರೆ.